ಹಣತೆಗೌರಿಯ ಮುಂದೆ ತಪ್ಪೊಪ್ಪದ ಸಂಕವ್ವನ ಕತೆ

ಹಣತೆ ಹಚ್ಚಿದ್ದಾಯಿತೇ? ಹಾಗಿದ್ದರೆ ಎಲ್ಲರೂ ಬಲಗೈಯಲ್ಲಿ ಅಕ್ಷತೆ ಹಿಡಿದು ಕುಳಿತುಕೊಳ್ಳಿ. ಗಣಪನಿಗೆ ನಮಸ್ಕರಿಸಿ, ಕುಲದೇವರನ್ನು ನೆನೆದು, ಕಾರ್ತಿಕ ಬಹುಳ ತದಿಗೆಯ ಹಣತೆಗೌರಿಯ ಕತೆಯನ್ನು ಓದುತ್ತೇನೆ. ಈ ಕತೆಯಲ್ಲಿ ಸತ್ತ ಮಗು ಎದ್ದು ಬರುವುದಿಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ, ಆ ಆಸೆಯಿಂದ ಯಾರೂ ಕೇಳಬೇಡಿ.

ಮಣಿಗಿರಿಯೆಂಬ ಪಟ್ಟಣವಿತ್ತು. ಅದನ್ನಾಳುವ ದೊರೆಗೆ ಮಾಣಿಕಾದೇವಿಯೆಂಬ ಪಟ್ಟದರಸಿಯಿದ್ದಳು, ಆಕೆಗೆ ವಿಜಯಧರನೆಂಬ ಒಬ್ಬನೇ ಮಗನಿದ್ದನು. ಅರಸಿಯು ಪ್ರತಿವರ್ಷ ತದಿಗೆಯಂದು ತಲೆಗೆ ಮಿಂದು, ಮಡಿಯುಟ್ಟು, ಒಂಬತ್ತು ಹಣತೆಗಳನ್ನಿಟ್ಟು, ಒಂಬತ್ತು ಗಂಟಿನ ಅರಿಶಿನದಾರವನ್ನು ಪೂಜಿಸಿ ಮಗನ ಕೈಗೆ ಕಟ್ಟುತ್ತಿದ್ದಳು. ಹೀಗಿರಲು ಒಂದು ವರ್ಷ ಪಟ್ಟಣಕ್ಕೆ ಮಹಾಜ್ವರವು ಬಂದು, ಮನೆಮನೆಯಲ್ಲೂ ಮಕ್ಕಳನ್ನು ಮಲಗಿಸಿ, ಮಲಗಿದವರಲ್ಲಿ ಅರ್ಧದಷ್ಟು ಮಂದಿಯನ್ನು ಒಯ್ದಿತು. ವಿಜಯಧರನೂ ಮಲಗಿದನು, ಆದರೆ ಎದ್ದನು.

ಅರಸಿಗೆ ಹೆಮ್ಮೆ ಹುಟ್ಟಿತು. ದೇವಿಯು ನ್ಯಾಯವಂತೆ, ನ್ಯಾಯವಂತೆಯಾದವಳು ಕಾರಣವಿಲ್ಲದೆ ಕೊಲ್ಲುವಳೇ, ಮಗು ಸತ್ತ ಮನೆಯಲ್ಲಿ ವ್ರತಕ್ಕೆ ಲೋಪ ಬಂದೇ ಇರಬೇಕು ಎಂದು ಆಕೆ ತೀರ್ಮಾನಿಸಿದಳು. ಕೇಳಿದವರೆಲ್ಲ ತಲೆದೂಗಿದರು. ಮುಂದಿನ ತದಿಗೆಗೆ ಹೊಸ ಕಟ್ಟಳೆ ಹೊರಟಿತು. ಮಗುವನ್ನು ಕಳೆದುಕೊಂಡ ತಾಯಂದಿರೆಲ್ಲ ಅರಮನೆಯ ಅಂಗಳಕ್ಕೆ ಬಂದು, ದೀಪದ ಮುಂದೆ ನಿಂತು, ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದವರಿಗೆ ಮಾತ್ರ ಉಳಿದ ಮಕ್ಕಳ ಕೈಗೆ ಕಟ್ಟಲು ದಾರ ಸಿಗುತ್ತದೆ.

ತಾಯಂದಿರು ಬಂದರು. ಒಬ್ಬಳು ಬತ್ತಿಯನ್ನು ಎಡಕ್ಕೆ ಹೊಸೆದೆನೆಂದಳು. ಒಬ್ಬಳು ಅಕ್ಷತೆಯಲ್ಲಿ ನುಚ್ಚಕ್ಕಿ ಸೇರಿತ್ತೆಂದಳು. ಕತೆಯ ನಡುವೆ ಸೀನಿದೆನೆಂದು ಇನ್ನೊಬ್ಬಳು ನೆಲಕ್ಕೆ ಹಣೆ ಚಚ್ಚಿಕೊಂಡಳು. ಎಣ್ಣೆ ಗಾಣಿಗರ ಹೆಂಗಸೊಬ್ಬಳು ನೈವೇದ್ಯಕ್ಕೆ ಮೊದಲು ತಂಬಿಟ್ಟಿನ ಸಿಹಿ ನೋಡಲು ಬೆರಳು ನೆಕ್ಕಿದ್ದಳಂತೆ. ಆ ಒಂದು ಬೆರಳಿಗೆ ಇಬ್ಬರು ಗಂಡುಮಕ್ಕಳನ್ನು ತಿಂದೆನೆಂದು ಆಕೆ ಸಾಯುವ ತನಕ ನಂಬಿದ್ದಳು.

ಆ ಸಾಲಿನಲ್ಲಿ ಕುಂಬಾರ ಈರಯ್ಯನ ಹೆಂಡತಿ ಸಂಕವ್ವನೂ ನಿಂತಿದ್ದಳು. ಊರಿನ ಹಣತೆಗಳೆಲ್ಲ ಆಕೆಯ ಕೈಯವೇ. ಆರು ವರ್ಷದ ಹೊನ್ನಿಯನ್ನು ಜ್ವರಕ್ಕೆ ಕೊಟ್ಟು, ಒಂದೂವರೆ ವರ್ಷದ ಮಲ್ಲಿಯನ್ನು ಸೊಂಟಕ್ಕೇರಿಸಿಕೊಂಡು ಬಂದಿದ್ದಳು. ಆಕೆಯೂ ತನ್ನ ತಪ್ಪನ್ನು ಹುಡುಕದೆ ಇರಲಿಲ್ಲ. ಒಲೆಯ ಮುಂದೆ, ಗಡಿಗೆ ತಿರುವುವ ತಿಗುರಿಯ ಮುಂದೆ, ಅವನ್ನು ಸುಡುವ ಆವಿಗೆಯ ಮುಂದೆ ಕುಳಿತು ತಿಂಗಳುಗಟ್ಟಲೆ ಹುಡುಕಿದ್ದಳು. ಅಕ್ಕಿಯನ್ನು ಕಾಳು ಕಾಳಾಗಿ ಆರಿಸಿದ್ದಳು, ಎಣ್ಣೆಯನ್ನು ಸೋಸಿದ್ದಳು, ಮಂಗಳಾರತಿ ಮುಗಿಯುವ ತನಕ ಕುಳಿತಲ್ಲಿಂದ ಎದ್ದಿರಲಿಲ್ಲ. ಏನೊಂದೂ ಸಿಕ್ಕಿರಲಿಲ್ಲ.

ಈರಯ್ಯನು ಆಕೆಯ ಹಿಂದೆ ನಿಂತು, "ಏನಾದರೊಂದು ಅಂದುಬಿಡೇ, ಬತ್ತಿ ಮುರಿದಿತ್ತು ಅನ್ನು. ಇರೋ ಒಂದು ಕೂಸಿಗೆ ದಾರ ಸಿಗಲಿ" ಎಂದು ಬೇಡಿಕೊಂಡನು. ಪುರೋಹಿತರೂ ಕನಿಕರದಿಂದ ಕಣ್ಸನ್ನೆ ಮಾಡಿದರು. ಸಂಕವ್ವನು ದೀಪದ ಮುಂದೆ ನಿಂತು ಬಾಯಿ ತೆರೆದಳು. ಬತ್ತಿ ಮುರಿದಿತ್ತು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಹಾಗೆಂದರೆ ಹೊನ್ನಿಯನ್ನು ಕೊಂದವಳು ತಾನೇ ಎಂದಂತಾಗುತ್ತಿತ್ತು.

"ನನ್ನ ಕೈಯಿಂದ ತಪ್ಪಾಗಿಲ್ಲ, ದೊರೆಸಾನಿ. ಆಗಿದ್ದರೆ ಹೇಳ್ತಿದ್ದೆ" ಎಂದಳು. "ನನ್ನ ಹೊನ್ನಿ ಯಾಕೆ ಹೋದಳೋ ಗೊತ್ತಿಲ್ಲ. ಆ ಗೌರವ್ವನೇ ಹೇಳಲಿ."

ಎಲ್ಲರೂ ದೀಪದ ಕಡೆಗೆ ನೋಡಿದರು. ದೀಪವು ಆರಲೂ ಇಲ್ಲ, ಹೆಚ್ಚಾಗಿ ಉರಿಯಲೂ ಇಲ್ಲ. ಅರಸಿಯು ಕೆಂಡವಾಗಿ, ಇವಳು ತನ್ನ ತಪ್ಪನ್ನು ದೇವಿಯ ತಲೆಗೆ ಕಟ್ಟುತ್ತಾಳೆ, ಇವಳಿಗೆ ದಾರವಿಲ್ಲ, ಇವಳು ಮಾಡಿದ ಹಣತೆಯನ್ನು ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದಳು. ಆವಿಗೆ ತಣ್ಣಗಾಯಿತು. ಈರಯ್ಯನು ಗಡಿಗೆಗಳನ್ನು ಹೊತ್ತು ದೂರದ ಹಳ್ಳಿಗಳಿಗೆ ಅಲೆದನು. ಗಂಡಹೆಂಡಿರು ಒಂದು ಹೊತ್ತು ಉಂಡು ಒಂದು ಹೊತ್ತು ಉಪವಾಸವಿದ್ದರು. ಸಂಕವ್ವನು ಮಾತ್ರ ದಿನವೂ ಮುಸ್ಸಂಜೆಗೆ ಒಂದು ಹಣತೆಯನ್ನು ಹಚ್ಚುವುದು, ಹಚ್ಚಿ ಗೌರಿಯನ್ನು ಬಾಯಿಗೆ ಬಂದಂತೆ ಬೈಯುವುದು, ಬೈದು ಕೈಮುಗಿಯುವುದು ಬಿಡಲಿಲ್ಲ.

ಮರುವರ್ಷ ಜ್ವರವು ತಿರುಗಿ ಬಂದಿತು. ದಾರವಿಲ್ಲದ ಮಲ್ಲಿ ಒಂಬತ್ತು ದಿನ ಮಲಗಿ ಎದ್ದು ಕುಳಿತಳು. ಅವ್ವನ ಸತ್ಯಕ್ಕೆ ದೇವಿ ಮೆಚ್ಚಿದಳೆಂದು ನಮ್ಮ ಅತ್ತೆಯವರು ಇಲ್ಲಿ ಸೇರಿಸಿ ಓದುತ್ತಿದ್ದರು. ನಾನು ಸೇರಿಸುವುದಿಲ್ಲ. ಹಾಗಾದರೆ ಹೊನ್ನಿ ಹೋದಾಗ ಅದೇ ಅವ್ವನ ಸತ್ಯಕ್ಕೆ ಏನು ಕಡಿಮೆಯಾಗಿತ್ತು?

ಅದೇ ಜ್ವರದಲ್ಲಿ ರಾಜಕುಮಾರ ವಿಜಯಧರನು ಒಂಬತ್ತು ಗಂಟಿನ ದಾರ ಕೈಯಲ್ಲಿರುವಾಗಲೇ ತೀರಿಕೊಂಡನು. ಅರಸಿಯ ಗರ್ವಕ್ಕೆ ಶಿಕ್ಷೆಯಾಯಿತು ಎಂದುಕೊಂಡಿರಾ? ಸುಮ್ಮನಿರಿ. ಗರ್ವಪಟ್ಟವಳು ಅರಸಿ, ಸತ್ತದ್ದು ಹನ್ನೊಂದು ವರ್ಷದ ಹುಡುಗ.

ಆಗ ಅರಸಿಯು ತಾನು ಊರಿಗೆ ಮಾಡಿದ್ದನ್ನು ತನಗೇ ಮಾಡಿಕೊಂಡಳು. ದಾರವನ್ನು ಬಿಚ್ಚಿ ಗಂಟುಗಳನ್ನು ಎಣಿಸಿದಳು, ಒಂಬತ್ತೇ ಇದ್ದವು. ಉಳಿದ ಅಕ್ಷತೆಯನ್ನು ಜರಡಿ ಹಿಡಿದಳು, ನುಚ್ಚು ಸಿಗಲಿಲ್ಲ. ಬತ್ತಿ ಹೊಸೆದ ದಾಸಿಯನ್ನು ಊರಿನಿಂದಾಚೆಗೆ ಅಟ್ಟಿದಳು, ಅದರಿಂದಲೂ ನೆಮ್ಮದಿಯಾಗಲಿಲ್ಲ. ಊರ ಹೆಂಗಸರು ಹೆದರಿ ಅರಮನೆಯ ಕಡೆಗೆ ಸುಳಿಯದೆ, ಬಾವಿಕಟ್ಟೆಯಲ್ಲಿ ನಿಂತು ಅರಸಿಯ ತಪ್ಪೇನಿದ್ದೀತೆಂದು ಗುಸುಗುಸು ಮಾತಾಡಿಕೊಂಡರು. ಅದನ್ನು ಅವರಿಗೆ ಕಲಿಸಿದವಳು ಅರಸಿಯೇ.

ಬೇರೆ ವ್ರತಗಳ ಕತೆಯಲ್ಲಾದರೆ ಈ ಹೊತ್ತಿಗೆ ದೇವಿಯು ಮುದಿಮುತ್ತೈದೆಯ ರೂಪದಲ್ಲಿ ಬಂದು ಎಲ್ಲವನ್ನೂ ಬಿಡಿಸಿ ಹೇಳುತ್ತಾಳೆ. ಇಲ್ಲಿ ಬರಲಿಲ್ಲ. ಬಂದವಳು ಸಂಕವ್ವ. ಸುದ್ದಿ ಕೇಳಿದಾಗ ಆಕೆಗೆ ಮೊದಲು ಒಳಗೊಳಗೇ ಹಿಗ್ಗಾಯಿತು, ಅದನ್ನೇಕೆ ಮುಚ್ಚಿಡಬೇಕು. ಆಮೇಲೆ ಉಣ್ಣಲು ಕುಳಿತವಳು ತಟ್ಟೆ ಬಿಟ್ಟೆದ್ದಳು. ಮೂರನೆಯ ದಿನ ನಡುಹಗಲಿನಲ್ಲಿ ಮಡಿಲಲ್ಲಿ ಒಂದು ಹಣತೆಯನ್ನಿಟ್ಟುಕೊಂಡು ಅರಮನೆಗೆ ಹೋಗಿ, ಅದನ್ನು ಹಚ್ಚಿಟ್ಟು, ಅರಸಿಯ ಪಕ್ಕದಲ್ಲಿ ಬರಿನೆಲದ ಮೇಲೆ ಕುಳಿತಳು.

ಅರಸಿಯು ಆಕೆಯ ಕಡೆಗೆ ತಿರುಗಿ, "ನನ್ನ ತಪ್ಪೇನೆಂದು ನೀನಾದರೂ ಹೇಳು. ನಿನಗೆ ದಾರ ಕೊಡದೆ ಅಟ್ಟಿದ್ದಕ್ಕೇ ಹೀಗಾಯಿತು ಅನ್ನು, ಒಪ್ಪಿಕೊಳ್ಳುತ್ತೇನೆ" ಎಂದಳು.

ಹೂಂ ಅಂದಿದ್ದರೆ ಸಂಕವ್ವನ ಹಗೆಯೂ ತೀರುತ್ತಿತ್ತು, ಅರಸಿಯ ಹುಡುಕಾಟವೂ ನಿಲ್ಲುತ್ತಿತ್ತು. ಸಂಕವ್ವ ಅನ್ನಲಿಲ್ಲ.

"ನೀವು ನಂಗೆ ಮಾಡಿದ್ದು ಅನ್ಯಾಯವೇ, ತಾಯಿ. ಅದಕ್ಕೆ ಆ ಕೂಸು ಸಾಯಬೇಕಾಗಿರಲಿಲ್ಲ. ಅದೂ ಇದೂ ಬೇರೆ."

"ಯಾರ ತಪ್ಪೂ ಇಲ್ಲದೆ ಮಕ್ಕಳು ಸಾಯುವುದಾದರೆ ದೇವಿ ಯಾತಕ್ಕಿದ್ದಾಳೆ?"

"ಗೊತ್ತಿಲ್ಲ. ದಿನಾ ಕೇಳ್ತೀನಿ. ಇನ್ನೂ ಹೇಳಿಲ್ಲ."

"ಆದರೂ ದೀಪ ಹಚ್ಚುತ್ತೀಯಲ್ಲ."

"ಹಚ್ಚದಿದ್ದರೆ ಕೇಳೋದು ಯಾರ ಹತ್ರ, ತಾಯಿ?"

ಆಗ ಅರಸಿಯು ಮಗ ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ಎಣ್ಣೆ ಮುಗಿಯುವ ತನಕ ಇಬ್ಬರೂ ಅಲ್ಲಿಯೇ ಕುಳಿತಿದ್ದರು. ಬಂದವಳು ಸಂಕವ್ವನಲ್ಲ, ಆಕೆಯ ರೂಪದಲ್ಲಿ ಗೌರಿಯೇ ಎನ್ನುವವರಿದ್ದಾರೆ. ಇರಬಹುದು. ಕುಂಬಾರಗಿತ್ತಿಯೇ ಬಂದಿದ್ದರೂ ನನಗೆ ಸಾಕು.

ಮುಂದೆ ಅರಸಿಯು ಕಟ್ಟಳೆಯನ್ನು ತೆಗೆದುಹಾಕಿ, ಅಟ್ಟಿದ ದಾಸಿಯನ್ನು ಕರೆಸಿ, ದಾರವನ್ನು ಎಲ್ಲ ಮಕ್ಕಳಿಗೂ ಕೊಡಿಸಿದಳು. ಸಂಕವ್ವನ ಆವಿಗೆ ಮತ್ತೆ ಉರಿಯಿತು. ವ್ರತದ ಸರಿಯಾದ ಕ್ರಮವೂ ಅಂದಿನಿಂದ ಹೀಗೆ ನಡೆದುಬಂದಿತು. ತದಿಗೆಯಂದು ಕತೆ ಕೇಳಿದ ಮೇಲೆ, ದೇವರ ಮುಂದಿನ ಮೊದಲ ಹಣತೆಯನ್ನು ಆ ವರ್ಷ ಮಗು ತೀರಿದ ತಾಯಿಯ ಬಳಿಗೆ ಒಯ್ಯಬೇಕು. ಎಣ್ಣೆ ಮುಗಿಯುವ ತನಕ ಅವಳ ಜೊತೆ ಕೂರಬೇಕು. ಹಿಂದಿನ ಜನ್ಮದ ಕರ್ಮ ಎನ್ನಬಾರದು, ದೇವರಿಗೆ ಬೇಕಾದ ಮಗು ಎನ್ನಬಾರದು, ನೀನು ಹೀಗೆ ಮಾಡಿದ್ದರೆ ಉಳಿಯುತ್ತಿತ್ತು ಎಂದು ಸರ್ವಥಾ ಎನ್ನಬಾರದು. ದೇವಿ ಹೇಳದ ಕಾರಣವನ್ನು ಅವಳ ಪರವಾಗಿ ಹೇಳಲು ನಾವು ಯಾರು?

ಈ ಕತೆಯನ್ನು ಓದಿದವರ, ಓದಿಸಿದವರ, ಅಕ್ಷತೆ ಹಿಡಿದು ಕೇಳಿದವರ ಮನೆಗೆ ಅಂಥ ದಿನ ಬಾರದಿರಲಿ ಎಂದು ಬೇಡುತ್ತೇನೆ, ಮಾತು ಕೊಡಲಾರೆ. ಬಂದರೆ, ಮಾಣಿಕಾದೇವಿಗೆ ಸಿಕ್ಕಂತೆ ಅವರಿಗೂ ತಪ್ಪು ಕೇಳದೆ ಪಕ್ಕದಲ್ಲಿ ಕೂರುವವರೊಬ್ಬರು ಸಿಗುತ್ತಾರೆ. ಈ ವ್ರತದ ಫಲ ಇಷ್ಟೇ.

ಅಕ್ಷತೆ ಹಾಕಿ. ಈ ವರ್ಷದ ಮೊದಲ ಹಣತೆ ಹೊಸ್ತಿಲು ದಾಟಬೇಕಾಗಿಲ್ಲ. ನಮ್ಮ ಕಿರಿಸೊಸೆ ವಾರಿಜ ಒಳಕೋಣೆಯಲ್ಲಿದ್ದಾಳೆ. ಆಷಾಢದಲ್ಲಿ ಅವಳ ಕೂಸು ಹೋದಾಗ, ಬಸುರಿಯಾಗಿದ್ದಾಗ ಗ್ರಹಣದ ಹೊತ್ತು ಅಂಗಳಕ್ಕೆ ಇಳಿದಿದ್ದಕ್ಕೇ ಹೀಗಾಯಿತು ಎಂದವಳು ನಾನು. ನಿಮ್ಮೆಲ್ಲರ ಎದುರಿಗೇ ಅಂದಿದ್ದೆ. ಹಣತೆ ಈ ಕಡೆ ಕೊಡಿ, ನಾನೇ ಒಯ್ಯುತ್ತೇನೆ.