ರುಮಾಲು ತೋಪು

ಮಲ್ಲಾಪೇಟೆಯ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ, ಮೂರು ಕಡೆ ಮನೆಗಳೂ ಒಂದು ಕಡೆ ಹೆದ್ದಾರಿಯೂ ಒತ್ತಿಕೊಂಡಿರುವ ನಡುವೆ, ನಲವತ್ತು ಎಕರೆಯ ಒಂದು ಹುಣಸೆ ತೋಪಿದೆ. ಬಾಗಿಲ ಮೇಲಿನ ಫಲಕದಲ್ಲಿ ಇದಕ್ಕೆ ಗಜ ಉದ್ದದ ಹೆಸರುಂಟು. ಆ ಹೆಸರು ಹೇಳಿದರೆ ಆಟೋದವನು ಕಣ್ಣು ಕಣ್ಣು ಬಿಡುತ್ತಾನೆ. ರುಮಾಲು ತೋಪು ಎಂದರೆ ಮರುಮಾತಿಲ್ಲದೆ ತಂದು ಇಳಿಸುತ್ತಾನೆ. ಬೆಳಿಗ್ಗೆ ಐದೂವರೆಗೆ ಇಲ್ಲಿ ಜನ ಸೇರುತ್ತಾರೆ. ಸಕ್ಕರೆ ಕಾಯಿಲೆಯವರು, ಸೀರೆಯ ಕೆಳಗೆ ಬೂಟು ತೊಟ್ಟ ಅಜ್ಜಿಯರು, ಒಂದು ಸುತ್ತು ನಡೆದು ನಾಲ್ಕು ಸುತ್ತು ಎಂದು ಮನೆಯಲ್ಲಿ ಹೇಳುವವರು. ಟಪಾಲು ಕಚೇರಿಯಿಂದ ನಿವೃತ್ತನಾದ ಮೇಲೆ ಹದಿನಾಲ್ಕು ವರ್ಷ ನಾನೂ ಇಲ್ಲಿ ತಿರುಗಾಡದೆ ಚಹಾ ಮುಟ್ಟಿದವನಲ್ಲ. ಎಲೆಗಳ ನಡುವೆ ಬೆಳಕು ಇಳಿಯುವ ಹೊತ್ತಿಗೆ ಕುಟ್ರಹಕ್ಕಿ ಕೂಗಲು ಶುರುಮಾಡುತ್ತದೆ, ರಾತ್ರಿಯ ಇಬ್ಬನಿಗೆ ಮಣ್ಣು ತಣ್ಣಗಿರುತ್ತದೆ. ಆಗ ನನಗೆ ಎಪ್ಪತ್ತೆರಡು ವರ್ಷವಾಗಿದೆ ಎಂಬುದು ಮರೆತೇ ಹೋಗುತ್ತದೆ. ಹೊಸಬರು ಮಾತ್ರ ಮರಗಳ ತೋಪಿಗೆ ತಲೆಗೆ ಸುತ್ತುವ ರುಮಾಲಿನ ಹೆಸರೇಕೆ ಎಂದು ಕೇಳುತ್ತಾರೆ. ಅವರು ಕೇಳಲಿ ಎಂದೇ ನಾನು ಕಾದಿರುತ್ತೇನೆ ಎಂದು ನನ್ನ ಹೆಂಡತಿಯ ಆರೋಪ.

ಹಿಂದೆ ಒಮ್ಮೆ, ಈ ಸೀಮೆಯನ್ನು ಸಿದಗೌಡ ದೇಸಾಯಿ ಎಂಬಾತ ಆಳುತ್ತಿದ್ದ ಕಾಲದಲ್ಲಿ, ಮಲ್ಲಾಪೇಟೆಯೆಂದರೆ ನೇಕಾರರ ಊರು, ತೋಪೆಂದರೆ ನೇಕಾರರ ಅಂಗಳ. ಮಗ್ಗಕ್ಕೆ ಉದ್ದವಾಗಿ ಹೂಡುವ ನೂಲಿಗೆ ಹಾಸು ಎನ್ನುತ್ತಾರೆ. ನೇಯುವ ಮೊದಲು ಆ ಹಾಸನ್ನು ಮರದಿಂದ ಮರಕ್ಕೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ಬಾಚುತ್ತ ಆ ತುದಿಯಿಂದ ಈ ತುದಿಗೆ ನಡೆಯಬೇಕು. ನಡೆಯುತ್ತಲೇ ಇರಬೇಕು, ನಿಂತರೆ ಎಳೆಗಳು ಒಂದಕ್ಕೊಂದು ಅಂಟಿ ಹಾಸು ಕೆಡುತ್ತದೆ. ಬಿಸಿಲಿನಲ್ಲಿ ಈ ಕೆಲಸ ಸಾಧ್ಯವಿಲ್ಲ, ಕುಂಚ ತಲುಪುವ ಮೊದಲೇ ಗಂಜಿ ಒಣಗಿಬಿಡುತ್ತದೆ. ಆದ್ದರಿಂದ ತೋಪಿನ ನೆರಳಿದ್ದರೆ ಮಗ್ಗ, ಮಗ್ಗವಿದ್ದರೆ ಅನ್ನ. ಇನ್ನೊಂದು ಕಟ್ಟಳೆಯೂ ಇತ್ತು: ಬಿಗಿದ ಹಾಸನ್ನು ಯಾರೂ ದಾಟಬಾರದು, ಅದನ್ನು ಕಟ್ಟಿದ ಮರವನ್ನು ಯಾರೂ ಮುಟ್ಟಬಾರದು. ದೇಸಾಯಿಯ ಕುದುರೆಯೂ ಸುತ್ತು ಹಾಕಿಯೇ ಹೋಗುತ್ತಿತ್ತಂತೆ. ಹೀಗಿರುವಾಗ ದೇಸಾಯಿಗೆ ಮೂರು ಅಂತಸ್ತಿನ ಹೊಸ ವಾಡೆ ಕಟ್ಟಿಸುವ ಹುಚ್ಚು ಹಿಡಿಯಿತು. ವಾಡೆಗೆ ಸುಣ್ಣ ಬೇಕು, ಸುಣ್ಣ ಸುಡಲು ಕಟ್ಟಿಗೆ ಬೇಕು. ತೋಪನ್ನು ಪೂರ್ತಿ ಕಡಿಯಿರಿ ಎಂದು ಅಪ್ಪಣೆಯಾಯಿತು.

ಕೊಡಲಿಯವರು ಬಂದಾಗ ಒಂದು ಮರವೂ ಖಾಲಿ ಇರಲಿಲ್ಲ ಎನ್ನುತ್ತಾರೆ. ನೇಕಾರರ ಓಣಿಯ ಹಿರಿಯಳಾದ ಬನವ್ವ ಎಂಬಾಕೆ ಮನೆಮನೆಯಿಂದ ವರ್ಷಕ್ಕೆಂದು ಕೂಡಿಟ್ಟ ನೂಲನ್ನು ಹೊರಗೆ ತೆಗೆಸಿ ಹಾಸು ಬಿಗಿಸಿದ್ದಳು. ಒಂದನ್ನು ಬಿಚ್ಚುವ ಮೊದಲೇ ಅದೇ ಮರಕ್ಕೆ ಇನ್ನೊಂದು ಬೀಳುತ್ತಿತ್ತು. ಮೂರು ದಿನ ಕಾದ ಕೊಡಲಿಯವರು ದೂರು ಒಯ್ದರು. ನಾಲ್ಕನೆಯ ಬೆಳಿಗ್ಗೆ ದೇಸಾಯಿಯೇ ಬಂದ. ಹತ್ತು ಹೆಜ್ಜೆಗೆ ಏದುಸಿರು ಬಿಡುವ ಭಾರಿ ಆಳು, ವರ್ಷಗಳಿಂದ ನೆಟ್ಟಗೆ ನಿದ್ದೆ ಕಂಡವನಲ್ಲ. ಕುದುರೆ ಇಳಿದು, "ಬನವ್ವ, ನಿಂದರ ಇಲ್ಲೆ. ಯಾವಾಗ ಮುಗಿತೈತಿ ಇದು?" ಎಂದು ಗದರಿಸಿದ. ಆಕೆ ಕುಂಚ ಎಳೆಯುತ್ತ ಮುಂದೆ ಹೋಗುತ್ತಲೇ, "ನಿಂತರ ಗಂಜಿ ಒಣಗತೈತ್ರಿ ಧಣ್ಯಾರ. ಮಾತಾಡೂದಿದ್ದರ ನನ್ನ ಜೋಡಿ ನಡಕೋತ ಮಾತಾಡ್ರಿ" ಎಂದಳು. ಕಟ್ಟಳೆ ಕಟ್ಟಳೆಯೇ. ಸೀಮೆಯ ಒಡೆಯ ಗೊಣಗುತ್ತ ಆಕೆಯ ಪಕ್ಕದಲ್ಲಿ ನಡೆದ.

ಮರುದಿನವೂ ಕೇಳಲು ಬಂದ, ಅದರ ಮರುದಿನವೂ. ಮೊದಮೊದಲು ಹಾಸಿನ ಅರ್ಧ ದಾರಿಗೇ ಸುಸ್ತಾಗಿ ಕೂರುತ್ತಿದ್ದವನು ವಾರ ಕಳೆಯುವುದರೊಳಗೆ ತುದಿ ಮುಟ್ಟಿ ತಿರುಗಿ ಬರತೊಡಗಿದ. ಯಾವಾಗ ಮುಗಿಯುತ್ತದೆ ಎಂಬ ಪ್ರಶ್ನೆ ಹಿಂದಾಗಿ, ಆ ಕೂಗುವ ಹಕ್ಕಿ ಯಾವುದು, ಈ ಹೂವಿನ ವಾಸನೆ ಎಲ್ಲಿಯದು ಎಂಬ ಮಾತು ಮುಂದಾಯಿತು. ಬಿಸಿರೊಟ್ಟಿ ಎರಡು ಹೆಚ್ಚಿಗೆ ಸೇರಿತು, ನಿದ್ದೆ ಹತ್ತಿತು. ಬನವ್ವನಿಗಿಂತ ಮೊದಲೇ ಬಂದು ನೇಕಾರರ ದಾರಿ ಕಾಯುವ ದೇಸಾಯಿಯನ್ನು ಕಂಡು ಊರು ಬಾಯಿಗೆ ಸೆರಗು ಹಿಡಿದು ನಕ್ಕಿತಂತೆ. ಆದರೆ ಬನವ್ವನಿಗೆ ನಗು ಬರಲಿಲ್ಲ. ಮನೆಮನೆಯ ನೂಲಿನ ಪೆಟ್ಟಿಗೆಗಳು ಖಾಲಿಯಾಗುತ್ತಿದ್ದವು.

ಹತ್ತೊಂಬತ್ತನೆಯ ಬೆಳಿಗ್ಗೆ ಮರಗಳು ಬರಿದಾಗಿ ನಿಂತಿದ್ದವು. ಕೊಡಲಿಯವರು ಎದ್ದು ಸೊಂಟ ಬಿಗಿದರು. ಬನವ್ವ ಒಣಗಿದ ಕುಂಚ ಹಿಡಿದು ದೇಸಾಯಿಯ ಮುಂದೆ ನಿಂತಳು. ಆ ತೋಪಿನಲ್ಲಿ ಆಕೆ ನಿಂತದ್ದನ್ನು ಅವನು ಕಂಡದ್ದು ಅದೇ ಮೊದಲು. "ಮುಗೀತ್ರಿ ಧಣ್ಯಾರ. ಊರಾಗ ಒಂದ ಎಳೀನೂ ಉಳದಿಲ್ಲ" ಎಂದಳು. ಸುಳ್ಳು ಹೇಳಿ ಇನ್ನೊಂದು ದಿನ ತಳ್ಳಬಹುದಿತ್ತು, ಆಕೆ ಹೇಳಲಿಲ್ಲ. ದೇಸಾಯಿ ತೋಪಿನ ಆ ತುದಿಯವರೆಗೆ ಒಬ್ಬನೇ ನಡೆದ, ತಿರುಗಿ ಬಂದ. ಆಮೇಲೆ ತಲೆಗೆ ಕೈಹಾಕಿ ರುಮಾಲು ಬಿಚ್ಚಿದ. ಮನೆಯಲ್ಲಿ ಸಾವಾದರೆ ಹೊರತು ಗಂಡಸು ಬರಿದಲೆಯಲ್ಲಿ ಹೊರಗೆ ನಿಲ್ಲದ ಕಾಲ ಅದು. ಆ ಹದಿನೆಂಟು ಮೊಳದ ಬಟ್ಟೆಯನ್ನು ಅವನು ಅಕ್ಕಪಕ್ಕ ನಿಂತ ಜೋಡಿ ಹುಣಸೆಯ ಒಂದರಿಂದ ಇನ್ನೊಂದಕ್ಕೆ ತಾನೇ ಎಳೆದು ಬಿಗಿದ. "ಇದೂ ಹಾಸ ಐತಿ. ನಾ ಬಿಚ್ಚೂತನಕ ಯಾರೂ ದಾಟಬ್ಯಾಡ್ರಿ, ತೋಪಿನ ಒಂದ ಗಿಡಾನೂ ಮುಟ್ಟಬ್ಯಾಡ್ರಿ" ಎಂದು ಹೇಳಿ, ಪೇಟೆಯ ನಡುವೆ ಬರಿದಲೆಯಲ್ಲೇ ಮನೆಗೆ ನಡೆದ. ಹೊಸ ವಾಡೆ ಏಳಲೇ ಇಲ್ಲ. ಅವನು ಹಳೆಯ ಮನೆಯಲ್ಲೇ ಬಾಳಿದ, ದಿನವೂ ತೋಪಿಗೆ ಬಂದ. ಆ ಗಂಟನ್ನು ಬಿಚ್ಚದೆಯೇ ತೀರಿಕೊಂಡ.

ಬಟ್ಟೆ ಎಂದೋ ಮಳೆಗಾಳಿಗೆ ಕರಗಿ ಹೋಗಿದೆ. ಜೋಡಿ ಹುಣಸೆ ಮಾತ್ರ ಇಂದಿಗೂ ನಡೆಯುವವರ ಹಾದಿಯಲ್ಲೇ ಇವೆ. ನೆಟ್ಟಗೆ ಬಂದ ಹಾದಿ ಅಲ್ಲಿ ಬಲಕ್ಕೆ ಬಾಗಿ, ಎರಡೂ ಮರಗಳನ್ನು ಬಳಸಿ, ಮತ್ತೆ ನೆಟ್ಟಗಾಗುತ್ತದೆ. ಅವುಗಳ ನಡುವೆ ಮೊಳಕಾಲೆತ್ತರ ಹುಲ್ಲು ಬೆಳೆದಿದೆ. ಕಿವಿಗೆ ಹಾಡು ಸಿಕ್ಕಿಸಿಕೊಂಡ ಹೊಸಬರು ಯಾರಾದರೂ ನೇರ ನುಗ್ಗಲು ಹೋದರೆ ಹಿಂದಿನಿಂದ ಒಂದು ಮುದಿ ದನಿ ಕೂಗುತ್ತದೆ: "ಸುತ್ತ ಹಾಕ್ಕೊಂಡ ಹೋಗ್ರಿ, ದೇಸಾಯರು ಇನ್ನೂ ಬಿಚ್ಚಿಲ್ಲ."