ಪೈಲ್ವಾನರ ಹುಂಜದ ಸುಲಿಗೆ

ತಾನು ಒಣಹಾಕಿದ್ದ ಸಂಡಿಗೆ ತಿಂದ ಹುಂಜವನ್ನು ಮುದುಕಿ ದ್ಯಾಮವ್ವ ಪೈಲ್ವಾನ್ ಭರಮಣ್ಣನ ಕೈಯಿಂದಲೇ ಕಿತ್ತುಕೊಂಡು ಹೋದಳು. ಭರಮಣ್ಣ ಠಾಣೆಯಲ್ಲಿ ದೂರು ಕೊಡುತ್ತ ಮೀಸೆ ತಿರುವಿದ.

“ಬರೇ ಕಳ್ಳತನ ಅಲ್ರಿ ಸಾಹೇಬ್ರ, ಸುಲಿಗೆ ಅಂತ ಬರೀರಿ. ವರ್ಷಗಟ್ಟಲೆ ಒಳಗಿರಬೇಕಾಕಿ!”

“ಸುಲಿಗೆ ಅಂದ್ರ ಹೊಡೆದು ಇಲ್ಲಾ ಹೆದರಿಸಿ ಕಸಗೊಂಡಿರಬೇಕು,” ಅಂದರು ಫೌಜದಾರರು.

“ಹೆದರಿಸ್ಯಾಳ್ರಿ!”

ಪೇದೆಗಳು ಕರೆತಂದು ನಿಲ್ಲಿಸಿದ್ದ ದ್ಯಾಮವ್ವನ ಬೊಚ್ಚುಬಾಯಿ ಅರಳಿತು.

“ಬರೀರಿ ಯಪ್ಪಾ. ನನಗ ಸೊಸಿ ಹೆದರಂಗಿಲ್ಲ, ಮನ್ಯಾಗಿನ ಬೆಕ್ಕೂ ಹೆದರಂಗಿಲ್ಲ. ನನ್ನ ನೋಡಿ ಪೈಲ್ವಾನ್ರು ಗಡಗಡ ನಡುಗಿದ್ರು ಅಂತ ಕೋರ್ಟಿನಾಗ ಅವರ ಬಾಯಿಲೇ ಕೇಳಿ, ಖುಷಿಲೇ ಜೈಲಿಗೆ ಹೋಗ್ತೀನಿ.”

ಪೇದೆಗಳು ಮುಖ ತಿರುಗಿಸಿ ನಕ್ಕರು. ಭರಮಣ್ಣನ ಕೈ ಮೀಸೆಯಿಂದ ಕೆಳಗಿಳಿಯಿತು.

“ಯಾರು ಹೆದರಿದ್ದು? ಹುಂಜ ನಾನೇ ಕೊಟ್ಟೀನಿ!”

“ಪುಣ್ಯಾತ್ಮ! ಹುಂಜಕ್ಕ ಒಂದೇ ಇರಾಕ ಬೇಸರಾಗತೈತಿ,” ಅಂದಳು ದ್ಯಾಮವ್ವ. “ಒಂದು ಹೇಂಟೆನೂ ಕೊಡು.”