ಹಿತ್ತಲಿನ ದಾಸವಾಳ

ಮನೆಯ ಕಾವಲಿಗೆಂದು ವಕೀಲ ತಿರುಮಲಯ್ಯ ಹೊಸ ಪಿಸ್ತೂಲು ಕೊಂಡರು. ಕೈ ಪಳಗಲೆಂದು ತಿಂಗಳಿಡೀ ಹಿತ್ತಲಲ್ಲಿ ತೆಂಗಿನ ಚಿಪ್ಪುಗಳಿಗೆ ಗುರಿಯಿಟ್ಟು ಹೊಡೆದರು.

"ಈಗ ಯಜಮಾನರ ಕೈ ನಡುಗುವುದಿಲ್ಲ. ಎಲ್ಲ ನನ್ನ ತರಬೇತಿ," ಎಂದು ಪಿಸ್ತೂಲು ಬೀಗಿತು.

"ನಡುಗುತ್ತಿದ್ದಾಗ, ಹೊರಗೆ ಸದ್ದಾದರೆ ಯಾರೆಂದು ಕೇಳುತ್ತಿದ್ದರು," ಎಂದಿತು ಮನೆಯ ಮುದಿ ನಾಯಿ.

"ಕೇಳುತ್ತ ಕೂತರೆ ಕಳ್ಳ ಕಾಯುತ್ತಾನೆಯೇ?"

ಮರುದಿನ ನಸುಕಿನಲ್ಲಿ ಪಕ್ಕದ ಮನೆಯ ಅಂಬುಜಮ್ಮ ಎಂದಿನಂತೆ ಪೂಜೆಗೆ ದಾಸವಾಳ ಕೀಳಲು ಹಿತ್ತಲಿಗೆ ಬಂದರು. ನಾಯಿ ಬಾಲ ಅಲ್ಲಾಡಿಸಿತು. ಕೊಂಬೆ ಸದ್ದು ಮಾಡಿತು. ಕಿಟಕಿಯಿಂದ ಗುಂಡು ಹಾರಿತು.

"ಗುರಿ ತಪ್ಪಲಿಲ್ಲ," ಎಂದಿತು ಪಿಸ್ತೂಲು.

ತಿರುಮಲಯ್ಯ ನಾಯಿಯನ್ನು ಒದ್ದರು. "ಬಂದದ್ದು ಅಂಬುಜಮ್ಮ ಎಂದು ತಿಳಿಸಬಾರದಿತ್ತೇ?"

"ನಾನು ಬೊಗಳಲಿಲ್ಲವಲ್ಲ," ಎಂದಿತು ನಾಯಿ. "ಮೊದಲೆಲ್ಲ ನಿಮಗೆ ಅಷ್ಟು ಸಾಕಾಗುತ್ತಿತ್ತು."